ನಮಾಜಿನ ಹೊತ್ತಿಗೆ ನಿನ್ನ ಕುರ್ಚಿಯಲ್ಲಿ

ಆ ಫೈಲುಗಳನ್ನು ತೆರೆದದ್ದು ನಾನು, ಝೊಹರಾ. ನೀನಲ್ಲ ಎಂದು ನಿನಗೆ ಮೊದಲೇ ಗೊತ್ತು. ನಾನು ಎಂದು ಗೊತ್ತಿತ್ತೋ ಇಲ್ಲವೋ — ಆ ದಿನ ಆಫೀಸಿನಲ್ಲಿ ನೀನು ನನ್ನ ಮುಖ ನೋಡಿದ ರೀತಿಗೆ, ಗೊತ್ತಿತ್ತು ಅಂತಲೇ ಅನಿಸುತ್ತದೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ತಪ್ಪಿದ್ದರೆ ಇರಲಿ. ನಿನ್ನೆ ನಮ್ಮ ಮನೆಯಲ್ಲಿ ತೊಟ್ಟಿಲು. ನನ್ನ ಮಗಳು ವಿನಯಾಳಿಗೆ ಹೆಣ್ಣು ಮಗು. ಎಂತಹ ಕೂಸು ಗೊತ್ತುಂಟಾ, ನನ್ನ ಕಿರುಬೆರಳು ಹಿಡಿದರೆ ಬಿಡುವುದೇ ಇಲ್ಲ. ತೊಟ್ಟಿಲಿನ ಮಲ್ಲಿಗೆಯನ್ನೆಲ್ಲ ನಾನೇ ಕಟ್ಟಿದೆ, ಕಾಪುವಿನ ಅರ್ಧ ಊರಿಗೆ ಪಾಯಸ ಹಂಚಿದೆ. ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ. ಆದರೆ ಈ ಸಂತೋಷ ಎಲ್ಲಿಂದ ಬಂತು ಎಂದು ನೆನೆದರೆ — ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನುವಷ್ಟು ಸಿಟ್ಟು.

ಉಡುಪಿಯ ಆ ಆಸ್ಪತ್ರೆಯಲ್ಲಿ ನೀನು ದಾಖಲೆ ವಿಭಾಗದ ಕ್ಲರ್ಕ್, ನಾನು ಗುಡಿಸಿ ಒರೆಸುವವಳು. ಮಧ್ಯಾಹ್ನ ನಮಾಜಿಗೆ ಏಳುವಾಗ ನೀನು ಕಂಪ್ಯೂಟರನ್ನು ಹಾಗೇ ಬಿಟ್ಟು ಹೇಳುತ್ತಿದ್ದೆ, ಗಿರಿಜಕ್ಕ, ಸ್ವಲ್ಪ ನೋಡಿಕೊಳ್ಳಿ ಎಂದು. ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡದವಳು ನನ್ನನ್ನು ನಂಬಿದ್ದೆ. ತಮಾಷೆಗೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಹೊಡೆಯಲು ಕಲಿಸಿದವಳೂ ನೀನೇ.

ಆಗ ವಿನಯಾಳಿಗೆ ಕಾರ್ಕಳದ ಸಂಬಂಧ ಬಂದಿತ್ತು. ಹುಡುಗ ಪ್ರಶಾಂತ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಆ ಮನೆತನದಲ್ಲಿ ಫಿಟ್ಸ್ ಉಂಟಂತೆ ಎಂದು ಯಾರೋ ಕಿವಿಯೂದಿದರು. ಹೆಣ್ಣು ಕೊಡುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ನಾನು ಮಾತ್ರ ಜನರನ್ನು ವಿಚಾರಿಸಲಿಲ್ಲ; ಆ ಮನೆಯವರು ಮದ್ದಿಗೆ ನಮ್ಮ ಆಸ್ಪತ್ರೆಗೇ ಬರುವವರು. ನೀನು ನಮಾಜಿಗೆ ಹೋದಾಗ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಆ ಮನೆತನದ ಹೆಸರು ಹೊಡೆದೆ. ಅವನದ್ದು, ಅವನ ತಾಯಿಯದ್ದು, ಚಿಕ್ಕಪ್ಪನದ್ದು — ಸಿಕ್ಕಿದ್ದೆಲ್ಲ ತೆರೆದೆ. ಆ ಕಾಯಿಲೆಯ ಇಂಗ್ಲಿಷ್ ಹೆಸರು ವಾರ್ಡಿನ ಬೋರ್ಡಿನಲ್ಲಿ ನೋಡಿ ನೋಡಿ ನನಗೆ ಗುರುತಿತ್ತು. ಅದು ಎಲ್ಲಿಯೂ ಇರಲಿಲ್ಲ. ಮದುವೆಗೆ ಒಪ್ಪಿದೆ.

ವಾರ ಕಳೆಯುವುದರೊಳಗೆ ನಿನ್ನನ್ನು ಆಫೀಸಿಗೆ ಕರೆದರು. ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಹೇಗೆ ಕೆಲಸ ಮಾಡುತ್ತಾರೆಂದು ಕಲಿತುಕೊಳ್ಳುವ ಹೊಸ ವ್ಯವಸ್ಥೆಯೊಂದನ್ನು ಹಾಕಿದ್ದರಂತೆ. ಆ ಫೈಲುಗಳು ತೆರೆದ ಹೊತ್ತಿಗೆ ಅದು ನಿನ್ನ ಹೆಸರಿಗೆ ಕೆಂಪು ಗುರುತು ತೋರಿಸಿತಂತೆ. "ಆಗ ನಾನು ನಮಾಜಿನಲ್ಲಿದ್ದೆ, ಗಿರಿಜಕ್ಕನನ್ನು ಕೇಳಿ" ಎಂದೆ ನೀನು.

ಕೇಳಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬೇಕೆಂದೇ ದಡ್ಡಿಯ ಹಾಗೆ ನಿಂತು ನಾನು ಹೇಳಿದೆ:

"ನಾನು ಗುಡಿಸುವವಳು ಸಾರ್, ನನಗೆ ಕಂಪ್ಯೂಟರ್ ಎಂತ ಗೊತ್ತುಂಟು? ಅವಳು ಎದ್ದು ಹೋದದ್ದನ್ನು ನಾನು ನೋಡಲಿಲ್ಲ."

ಅವರು ನಕ್ಕರು. ಓದು ಬಾರದವಳು ಸುಳ್ಳು ಹೇಳಲಾರಳು ಎಂದು ಆ ಓದಿದವರಿಗೆ ಎಷ್ಟು ನಂಬಿಕೆ! ನಿನ್ನನ್ನು ಅಂದೇ ಕೆಲಸದಿಂದ ಕಳಿಸಿದರು. ರೋಗಿಗಳ ಗುಟ್ಟು ಕದ್ದವಳು ಎಂಬ ಮಾತು ಹಬ್ಬಿ, ಮಣಿಪಾಲದಲ್ಲೂ ನಿನಗೆ ಕೆಲಸ ಸಿಗಲಿಲ್ಲ. ಕಾಪು ಪೇಟೆಯಲ್ಲಿ ನಿನ್ನನ್ನು ಕಂಡರೆ ನಾನು ಮೀನು ಆರಿಸುವ ನೆಪದಲ್ಲಿ ಬಗ್ಗುತ್ತಿದ್ದೆ. ಥೂ.

ನಿನ್ನೆ ಊಟದ ನಂತರ ಅಳಿಯ ಪ್ರಶಾಂತ ತನ್ನ ವಿದ್ಯಾರ್ಥಿಗಳು ಅಂಥದ್ದೇ ಒಂದು ವ್ಯವಸ್ಥೆಯನ್ನು ಮಾಡಿದ್ದಾರೆಂದು ಹೆಮ್ಮೆಯಿಂದ ಹೇಳುತ್ತಿದ್ದರು. ಯಾರು ಎಷ್ಟು ವೇಗವಾಗಿ ಹೊಡೆಯುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವ ಫೈಲು ನೋಡುತ್ತಾರೆ — ಎಲ್ಲ ಅದು ಕಲಿತುಕೊಳ್ಳುತ್ತದಂತೆ. ಹಾಗಾದರೆ ಅದು ಕಳ್ಳರನ್ನು ಹಿಡಿಯುತ್ತದಾ ಎಂದು ಕೇಳಿದೆ.

"ಇಲ್ಲ ಅತ್ತೆ. ದಿನಾ ಕೂರುವವರ ಕೈ ಇದಲ್ಲ ಅಂತ ಮಾತ್ರ ಹೇಳ್ತದೆ. ಕೈ ಯಾರದ್ದು ಅಂತ ಮನುಷ್ಯರೇ ನೋಡಬೇಕು."

ಮಡಿಲಲ್ಲಿ ಮಗು. ಆ ಕೆಂಪು ಗುರುತು ನಿನ್ನ ಪರವಾಗಿ ಸಾಕ್ಷಿ ಹೇಳಿತ್ತು, ಝೊಹರಾ. ಇದು ಝೊಹರಾಳ ಕೈ ಅಲ್ಲ ಎಂದು ಕೂಗಿತ್ತು. ಅದನ್ನು ಓದಬೇಕಾದವರು ತಿರುಗಿಸಿ ಓದಿದರು — ಅವರ ಮೇಲೆ ನನಗೆ ಉರಿಯುವ ಕೋಪ ಉಂಟು. ಆದರೆ ಅವರಿಗೆ ನಿನ್ನ ಕೈ ಗುರುತಿರಲಿಲ್ಲ. ನಿನ್ನ ಡಬ್ಬಿಯ ಊಟ ಉಂಡವಳು ನಾನು, ನನಗೆ ಗುರುತಿತ್ತು. ಜೀವವಿಲ್ಲದ ಯಂತ್ರ ಹೇಳಿದ ಸತ್ಯವನ್ನು ನಾನು...

ಪ್ರಶಾಂತನಿಗೆ ಅಲ್ಲಿಯೇ ಎಲ್ಲ ಹೇಳಿದೆ. ನಿಮ್ಮ ಫೈಲು, ನಿಮ್ಮ ತಾಯಿಯ ಫೈಲು ತೆರೆದದ್ದು ನಾನು, ಶಿಕ್ಷೆ ಅನುಭವಿಸಿದ್ದು ಬೇರೆಯವಳು ಎಂದೆ. ಅವರು ನನ್ನ ಬೆರಳಿನಿಂದ ಮಗುವಿನ ಮುಷ್ಟಿ ಬಿಡಿಸಿ, ಅದನ್ನು ಎತ್ತಿಕೊಂಡು ಒಳಗೆ ಹೋದರು. ಸರಿಯೇ.

ನನ್ನನ್ನು ಕ್ಷಮಿಸು ಎಂದು ಬರೆಯುತ್ತಿಲ್ಲ. ಕ್ಷಮಿಸಬೇಡ. ಸೋಮವಾರ ಬೆಳಿಗ್ಗೆ ನಾನು ಆ ಆಫೀಸಿಗೆ ಹೋಗುತ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಸರಿ. ನನ್ನನ್ನು ನೋಡಿ ನಕ್ಕ ಅದೇ ಜನರ ಎದುರು, ನಿಮ್ಮ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ಎನ್ನುತ್ತೇನೆ. ಈ ಒಂದು ಬೆರಳಿನಲ್ಲಿ ಅವರು ನೋಡುತ್ತಿದ್ದ ಹಾಗೆಯೇ ಆ ಮನೆತನದ ಹೆಸರು ಹೊಡೆಯುತ್ತೇನೆ. ಕೈ ಯಾರದ್ದು ಎಂದು ಈ ಸಲ ಮನುಷ್ಯರೇ ನೋಡಲಿ.