ಅಣ್ಣನ ಫೋನಿನಲ್ಲಿದ್ದ ಪುಸ್ತಕ

2023ರಲ್ಲಿ ನಾನು ಹೈದರಾಬಾದಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಗುತ್ತಿಗೆ ಉಪನ್ಯಾಸಕಿಯಾಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆ ವರ್ಷ ಬಿ.ಎಸ್ಸಿ. ಮೊದಲ ವರ್ಷದ ಪುಸ್ತಕಗಳನ್ನು ಆರಿಸುವ ಸಭೆಯಲ್ಲಿ ಒಂದು ಮುಕ್ತ ಪಠ್ಯಪುಸ್ತಕವನ್ನು ಸೂಚಿಸಿದೆ. ಮುಕ್ತ ಪಠ್ಯಪುಸ್ತಕ ಎಂದರೆ ಬರೆದವರೇ ಎಲ್ಲರಿಗೂ ಬಿಟ್ಟುಕೊಟ್ಟ ಪುಸ್ತಕ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ತಮ್ಮ ತರಗತಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ನಾವು ಬಳಸುತ್ತಿದ್ದ ಪುಸ್ತಕ ತೀರ ಹಳೆಯದು. ವಿದ್ಯಾರ್ಥಿಗಳು ಅದನ್ನು ಬಿಟ್ಟು ಅಬಿಡ್ಸ್ ಪೇಟೆಯ ಅಂಗಡಿಗಳಿಂದ ಗೈಡ್ ತರುತ್ತಿದ್ದರು. ಹೊಸದನ್ನು ನಾನು ಬೇಸಿಗೆ ರಜೆಯಿಡೀ ಓದಿ ನಮ್ಮ ಸಿಲಬಸ್‌ಗೆ ಹೊಂದಿಸಿದ್ದೆ. ಅದು ಒಳ್ಳೆಯ ಪುಸ್ತಕ. ಈ ಮಾತನ್ನು ಇವತ್ತೂ ಹಿಂದಕ್ಕೆ ತೆಗೆದುಕೊಳ್ಳಲಾರೆ.

ಸಭೆ ಒಪ್ಪಿತು. ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗಗಳೂ ಅಲ್ಲೇ ತಮ್ಮ ವಿಷಯಕ್ಕೆ ಅಂಥದೇ ಪುಸ್ತಕ ಗೊತ್ತುಮಾಡಿಕೊಂಡವು. ಬುಕ್ ಬ್ಯಾಂಕಿಗೆ ಕೆಲವು ಪ್ರತಿಗಳನ್ನು ಅಚ್ಚು ಹಾಕಿಸೋಣ ಎಂದು ನಾನು ಕೇಳಿದೆ. ಪುಸ್ತಕ ಕೊಳ್ಳಲಾಗದವರಿಗೆ ಗ್ರಂಥಾಲಯವು ಇಡೀ ಸೆಮಿಸ್ಟರ್‌ಗೆ ಎರವಲು ಕೊಡುವ ಸೆಟ್‌ಗಳಿಗೆ ಬುಕ್ ಬ್ಯಾಂಕ್ ಎನ್ನುತ್ತಾರೆ. ಪ್ರಿನ್ಸಿಪಾಲರು ನಕ್ಕರು.

"ಅಲ್ಲ ಮೇಡಂ, ಓಟಿಪಿ ಇಲ್ಲದೆ ಇಲ್ಲಿ ಒಬ್ಬರಿಗೂ ಸೀಟು ಸಿಕ್ಕಿಲ್ಲ. ಎಲ್ಲರ ಅರ್ಜಿಯಲ್ಲೂ ಮೊಬೈಲ್ ನಂಬರಿದೆ. ಇನ್ನು ಕಾಗದ ಯಾಕೆ?"

ಪ್ರವೇಶವೆಲ್ಲ ಆನ್‌ಲೈನ್ ಆದ್ದರಿಂದ ಅವರ ಮಾತು ನಿಜವೇ ಆಗಿತ್ತು. ಆ ನಂಬರು ಯಾರದು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಪುಸ್ತಕ ಪುಕ್ಕಟೆ ಸಿಗುವಾಗ ಬುಕ್ ಬ್ಯಾಂಕಿಗೆ ಕೆಲಸವಿಲ್ಲವೆಂದು ಠರಾವಾಯಿತು. ಹಳೆಯ ಸೆಟ್‌ಗಳು ರದ್ದಿಗೆ ಹೋದವು.

ಮೊದಲ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಒಂದು ಪತ್ರಿಕೆ ನನ್ನನ್ನು ತಡೆಯಿತು. ಅಕ್ಷರ ಅಚ್ಚುಕಟ್ಟು, ಚಿಕ್ಕ ಸೂತ್ರಗಳು ಸರಿ. ಉದ್ದನೆಯ ಸೂತ್ರಗಳು ಮಾತ್ರ ಬಲಗಡೆ ಒಂದೇ ಅಳತೆಗೆ ಕತ್ತರಿಸಿದಂತೆ ನಿಂತಿದ್ದವು. ಒಂದಂತೂ ಕೂಡುವ ಚಿಹ್ನೆಯ ಹತ್ತಿರವೇ ಮುಗಿದುಹೋಗಿತ್ತು. ಓದದವರ ತಪ್ಪು ಹೀಗಿರುವುದಿಲ್ಲ, ನಕಲು ಹೊಡೆದವರದೂ ಹೀಗಿರುವುದಿಲ್ಲ. ಹೆಸರು ಮಹಾದೇವಿ ಎಂದಿತ್ತು.

ಸ್ಟಾಫ್ ರೂಮಿಗೆ ಕರೆಸಿ ತೆಲುಗಿನಲ್ಲಿ ಕೇಳಿದೆ. ಅವಳು ತಡವರಿಸಿ, "ಅಯ್ಯ, ಹೆಂಗ ಹೇಳ್ಲಿ ಇದನ್ನ" ಎಂದು ತನಗೆ ತಾನೇ ಅಂದುಕೊಂಡಳು.

"ಯಾವೂರವ್ವ ನಿಂದು?" ಎಂದೆ.

"ನೀವು ಕನ್ನಡದವರೇನ್ರಿ ಮೇಡಂ! ನಮ್ಮದು ಲಿಂಗಸೂರು ಕಡೆ ರೀ. ಅವ್ವ ಅಪ್ಪ ಇಲ್ಲೇ ಉಪ್ಪಲ್‌ದಾಗ ಕಟ್ಟಡದ ಕೆಲಸ ಮಾಡ್ತಾರ."

ಉತ್ತರಪತ್ರಿಕೆ ತೋರಿಸಿ, ಈ ಸೂತ್ರದ ಮುಂದಿನ ಭಾಗ ಎಲ್ಲಿ ಎಂದು ಕೇಳಿದೆ.

"ಮುಂದ ಏನೂ ಇಲ್ಲಲ್ರಿ. ಫೋನಿನ್ಯಾಗ ಇಷ್ಟ ಇತ್ತು."

"ಪರದೆ ಪಕ್ಕಕ್ಕ ಸರಿಸಿದ್ರ ಕಾಣತೈತಿ."

"ಹೌದೇನ್ರಿ? ನಾ ಬರೀ ಕೆಳಗ ಸರಸತಿದ್ದೆ." ಆ ಸೂತ್ರದ ಕೊನೆಯನ್ನು ಬೆರಳಿನಿಂದ ಮುಟ್ಟಿ ಹೇಳಿದಳು, "ಫೋನ್ ಅಣ್ಣಂದ್ರಿ. ಅಂವ ಬೈಕ್ ಮ್ಯಾಲೆ ಊಟದ ಪಾರ್ಸಲ್ ಹಂಚ್ತಾನ. ಸಂಜಿಮುಂದ ಉಣ್ಣಾಕ ಮನಿಗೆ ಬರ್ತಾನ. ಅಂವ ಉಂಡು ಏಳೂತನಕ ಫೋನ್ ನಂದು, ಬಡಬಡ ಬರ್ಕೋತೀನಿ. ಈಗೀಗ ಅಂವ ಭಾಳ ನಿಧಾನ ಉಣ್ಣಾಕತ್ಯಾನ್ರಿ. ಅತ್ತಿಗಿ ಬೈತಾಳ, 'ಎಷ್ಟೊತ್ತು ಮೆಲಕ ಹಾಕ್ತೀರಿ, ಎಮ್ಮಿ ಆಗೀರೇನು' ಅಂತ."

ಹೇಳುತ್ತ ಅವಳೇ ನಕ್ಕಳು. ನನಗೆ ನಗಲಾಗಲಿಲ್ಲ. ಸೂತ್ರಗಳೆಲ್ಲ ಪುಸ್ತಕದಲ್ಲಿವೆ, ಬೋರ್ಡಿನಿಂದ ಬರೆದುಕೊಳ್ಳುತ್ತ ಕೂರಬೇಡಿ ಎಂದು ತರಗತಿಗೆ ಹೇಳುತ್ತಿದ್ದವಳು ನಾನು.

ಅದೇ ದಿನ ಗ್ರಂಥಾಲಯಕ್ಕೆ ಹೋದೆ. "ಪುಕ್ಕಟೆ ಪುಸ್ತಕ ತಂದವರೂ ನೀವೇ, ಈಗ ಪುಸ್ತಕ ಕೇಳೋಕೆ ಬಂದವರೂ ನೀವೇನಾ ಅಮ್ಮಾ?" ಎಂದು ಗ್ರಂಥಪಾಲಕರು ತೆಲುಗಿನಲ್ಲಿ ಕಿಚಾಯಿಸಿದರು. ಆಮೇಲೆ ಮೆತ್ತಗೆ ವಿವರಿಸಿದರು: ಪ್ರಕಾಶಕರ ಬಿಲ್ ಇಲ್ಲದೆ ಗ್ರಂಥಾಲಯಕ್ಕೆ ಪುಸ್ತಕ ಸೇರಿಸುವಂತಿಲ್ಲ, ಬೆಲೆಯೇ ಇಲ್ಲದ ಪುಸ್ತಕಕ್ಕೆ ಬಿಲ್ ಎಲ್ಲಿಂದ ಬರಬೇಕು? ಲ್ಯಾಬ್‌ನ ಕಂಪ್ಯೂಟರುಗಳು ಪ್ರಾಕ್ಟಿಕಲ್‌ಗೆ ಮಾತ್ರ. ಪ್ರಿನ್ಸಿಪಾಲರು ಇನ್ನೂ ಚುಟುಕಾಗಿ ಮುಗಿಸಿದರು. "ಒಬ್ಬ ಹುಡುಗಿಗೋಸ್ಕರ ಠರಾವು ತಿದ್ದೋಕಾಗುತ್ತಾ ಮೇಡಂ? ಅದೂ ನೀವೇ ಮಂಡಿಸಿದ್ದು."

ಅಬಿಡ್ಸ್‌ನಲ್ಲಿ ಸಂಖ್ಯಾಶಾಸ್ತ್ರದ ಪುಸ್ತಕವನ್ನು ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಮಹಾದೇವಿಗೆ ಕೊಟ್ಟೆ. ಅವಳು ಮೊದಲು ಪುಟಗಳ ಬಲಗಡೆಯ ಅಂಚನ್ನೇ ನೋಡಿದಳು. ಉಳಿದೆರಡು ವಿಷಯಗಳದ್ದನ್ನೂ ಮಾಡಿಸುತ್ತೇನೆ ಎಂದಾಗ ತಲೆ ಅಲ್ಲಾಡಿಸಿದಳು. "ಒಂದು ಸಾಕ್ರಿ. ಎಲ್ಲಾ ನೀವ ಕೊಟ್ರ ಅಣ್ಣ ಸಿಟ್ಟಾಗ್ತಾನ." ಒತ್ತಾಯ ಮಾಡುವುದು ನನ್ನ ಸ್ವಭಾವವಲ್ಲ. ಮಾಡಲಿಲ್ಲ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಅವಳು ಸಂಖ್ಯಾಶಾಸ್ತ್ರ ಪಾಸಾದಳು, ಒಳ್ಳೆಯ ಅಂಕಗಳಿಂದ. ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಹೋದವು. ಮುಂದಿನ ಸೆಮಿಸ್ಟರ್‌ನಲ್ಲೂ ಹಾಗೇ ಆಯಿತು. ಎರಡನೇ ವರ್ಷಕ್ಕೆ ಹೋಗಲು ಬೇಕಾದಷ್ಟು ಕ್ರೆಡಿಟ್ ಸೇರಲಿಲ್ಲ. ಅವಳು ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ಟಿ.ಸಿ. ತೆಗೆದುಕೊಳ್ಳಲು ಅಣ್ಣ ಬಂದ. ಆಫೀಸಿನವರನ್ನು ಕೇಳಿ, ಹೊರಗೆ ನನ್ನನ್ನು ಗುರುತು ಹಿಡಿದು ನಮಸ್ಕಾರ ಮಾಡಿದ.

"ಪುಸ್ತಕ ಕೊಟ್ಟ ಮೇಡಂ ನೀವ ಅಲ್ಲೇನ್ರಿ? ನನ್ನ ತಂಗಿ ಬರಿಯೂದ್ರಾಗ ನನ್ನ ರೊಟ್ಟಿ ಒಣಗಿ ಕಟಕಟಿ ಆಗತಿತ್ರಿ." ನಕ್ಕು, ಮುಂದುವರಿಸಿದ. "ಫೋನ್ ಅಕಿ ಕೈಯಾಗ ಇದ್ದಾಗ ಬಂದ ಆರ್ಡರ್ ಹೋಗಿಬಿಡತಿದ್ವು. ಹಂಗ ಬಿಟ್ಟೀ ಅಂದ್ರ ಕಂಪನಿಯವರು ಮತ್ತ ಕೊಡಂಗಿಲ್ರಿ. ಕಡೀಕ ಆರ್ಡರ್ ಜಾಸ್ತಿ ಅಂತ ಊರಿನ ಆ ತುದಿಗೆ, ಮಣಿಕೊಂಡ ಕಡೆ ದುಡಿಯಾಕ ಹ್ವಾದೆ. ಅಲ್ಲಿಂದ ಉಪ್ಪಲ್‌ಗೆ ಉಣ್ಣಾಕ ಹೆಂಗ ಬರ್ಲಿರಿ?"

ಇನ್ನೊಂದು ಸಲ ಪರೀಕ್ಷೆ ಬರೆಯಲಿ, ಎಲ್ಲ ಪುಸ್ತಕ ನಾನು ಕೊಡುತ್ತೇನೆ ಎಂದೆ. ಈ ಬಾರಿ ಒತ್ತಾಯವನ್ನೇ ಮಾಡಿದೆ.

"ಬಿಡ್ರಿ ಮೇಡಂ. ಅವ್ವನ ಜೋಡಿ ಕೆಲಸಕ್ಕ ಹೋಗಾಕತ್ಯಾಳ. ಪುಕ್ಕಟೆ ಪುಸ್ತಕ ಅಂದ್ರಿ, ನಮಗ ಅದೂ ತುಟ್ಟಿ ಆತು."

ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಆ ವರ್ಷದ ಕಾಲೇಜು ವರದಿಯಲ್ಲಿ ಪುಕ್ಕಟೆ ಪುಸ್ತಕ ತಂದದ್ದಕ್ಕೆ ನಮ್ಮ ಮೂರು ವಿಭಾಗಗಳಿಗೂ ಪ್ರಶಂಸೆ ಬಂತು. ಬೇರೊಂದು ಕಾಲೇಜಿನವರು ಇದನ್ನೆಲ್ಲ ಹೇಗೆ ಸಾಧಿಸಿದಿರಿ ಎಂದು ತಿಳಿಯಲು ನನ್ನನ್ನು ಕರೆಸಿದರು. ಹೋದೆ. ಅಚ್ಚಿನ ಪ್ರತಿಗಳ ಬಗ್ಗೆ, ಆ ಮೊಬೈಲ್ ನಂಬರುಗಳ ಬಗ್ಗೆ ಹೇಳಿದೆ. ಅವರು ಬರೆದುಕೊಂಡದ್ದು ಪುಸ್ತಕದ ಲಿಂಕ್ ಒಂದನ್ನೇ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಪುಸ್ತಕ ಆರಿಸುವ ಮೊದಲು ಅದು ಯಾರ ಕೈಗೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಬೇಕು. ಈಗ ಪ್ರತಿ ಹೊಸ ತರಗತಿಯಲ್ಲಿ ಕೇಳುತ್ತೇನೆ. ಠರಾವು ಮಾತ್ರ ಹಾಗೇ ಇದೆ. ಫೋನು ತಮ್ಮದಲ್ಲದವರು ಕೈ ಎತ್ತುತ್ತಾರೆ, ಪ್ರತಿವರ್ಷವೂ ಕೆಲವರು. ನಾನು ಮುಂದೆ ಏನೋ ಹೇಳುತ್ತೇನೆಂದು ಸ್ವಲ್ಪ ಹೊತ್ತು ಕೈ ಇಳಿಸದೆ ನನ್ನನ್ನೇ ನೋಡುತ್ತಿರುತ್ತಾರೆ.