ಪದ್ಮಕ್ಕನ ಮನೆಯೊಳಗೆ ಸಿಕ್ಕಿಬಿದ್ದ ಹಾಕಿ ಸ್ಟಿಕ್ಕು

ಉಪ್ಪಿನಕಾಯಿಗೆಂದು ನಿಂಬೆಹಣ್ಣು ಹೆಚ್ಚುತ್ತಿದ್ದಾಗ ಮಗಳು ಉಷಾಳ ಫೋನು ಬಂತು. ಮೊಮ್ಮಗಳು ಶಾಲೆಯ ಹಾಕಿ ತಂಡಕ್ಕೆ ಆಯ್ಕೆಯಾಗಿದ್ದಾಳಂತೆ. ನಾನು ದೇವರಿಗೊಂದು ಕೈ ಮುಗಿಯುವಷ್ಟರಲ್ಲಿ ಅವಳು ದನಿ ತಗ್ಗಿಸಿ, "ಅಮ್ಮಾ, ಇವರೂ ಗೋಡೆಗೆ ಟೈಂಟೇಬಲ್ ಅಂಟಿಸಿದಾರೆ. ಥೇಟ್ ಅಪ್ಪನ ಥರ" ಎಂದಳು. ಕೈಯಲ್ಲಿದ್ದ ನಿಂಬೆಹೋಳು ಘಮ್ಮೆಂದಿತು. ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಮೊದಲಲ್ಲಿ ನಾವು ಜಯನಗರದ ವಠಾರವೊಂದರಲ್ಲಿದ್ದೆವು. ನಮ್ಮೆಜಮಾನರು ಅಲ್ಲಿಯವರೆಗೆ ಓಡಿದ್ದೇನಿದ್ದರೂ ಸಿಟಿ ಬಸ್ಸಿನ ಹಿಂದೆ. ಹಾಕಿಯನ್ನು ಕಲಿತದ್ದು ರೇಡಿಯೋ ಕಾಮೆಂಟರಿಯಲ್ಲಿ. ಆದರೂ ಉಷಾ ಶಾಲೆಯಲ್ಲಿ ಒಂದು ಗೋಲು ಹೊಡೆದದ್ದೇ ತಡ, ನಮ್ಮ ಮನೆಯಲ್ಲೊಬ್ಬ ಕೋಚ್ ಹುಟ್ಟಿಬಿಟ್ಟರು. ಕೋಳಿ ಕೂಗುವ ಮೊದಲೇ ಇವರ ಸೀಟಿ. ಮಗು ತುಳಸಿಕಟ್ಟೆಯ ಸುತ್ತ ಚೆಂಡು ಉರುಳಿಸಬೇಕು. ನಾನು ಆ ತಾಯಿಗೆ ಪ್ರದಕ್ಷಿಣೆ ಹಾಕಬೇಕೆಂದರೆ ಡಿಫೆನ್ಸ್ ದಾಟಿ ಹೋಗಬೇಕು. ನಮ್ಮಣ್ಣನ ಮಗಳ ಮದುವೆಗೆ ಉಷಾಳನ್ನು ಕಳಿಸಲಿಲ್ಲ. ಹಬ್ಬದ ದಿನ ಒಬ್ಬಟ್ಟು ತಿನ್ನಲು ಬಿಡಲಿಲ್ಲ.

"ಪ್ಲೇಯರ್ ತಯಾರಾಗ್ಬೇಕು ಅಂದ್ರೆ ಫ್ಯಾಮಿಲಿ ಸ್ಯಾಕ್ರಿಫೈಸ್ ಮಾಡ್ಬೇಕು ಕಣೇ" ಎನ್ನುತ್ತಿದ್ದರು. ಫ್ಯಾಮಿಲಿ ಎಂದರೆ ನಾನು. ಅವರ ಭಾನುವಾರದ ಇಸ್ಪೀಟು ಅದರಲ್ಲಿ ಸೇರಿರಲಿಲ್ಲ. ನಾನು ದೇವರ ಮುಂದೆ ಎರಡು ನಿಮಿಷ ಹೆಚ್ಚು ಕೂತರೆ, ಮೂಢನಂಬಿಕೆ ಬಿಟ್ಟು ರಾಗಿ ಗಂಜಿ ಮಾಡು ಎನ್ನುವರು.

ಜಿಲ್ಲಾ ತಂಡದ ಆಯ್ಕೆಯ ದಿನ ಬಂತು. ಬೆಳಿಗ್ಗೆ ಜಡೆ ಹೆಣೆಯುವಾಗ ಉಷಾ ಕನ್ನಡಿಯತ್ತ ನೋಡುತ್ತಲೇ ಹೇಳಿದಳು: "ಇವತ್ತಿಗೆ ಸಾಕಮ್ಮ. ನಾಳೆಯಿಂದ ಆಡಲ್ಲ. ಅಪ್ಪ ಅಂಚಲ್ಲಿ ನಿಂತು ಕೂಗ್ತಿದ್ರೆ ಚೆಂಡೇ ಕಾಣಲ್ಲ ನಂಗೆ."

ಆಟವೆಂದರೆ ಊಟ ಮರೆಯುತ್ತಿದ್ದ ಮಗು. ಜಡೆಗೆ ಟೇಪು ಕಟ್ಟಿದೆ.

ಅಂದು ಶುಕ್ರವಾರ. ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ. ಹಿಂದಿನವರು ಇದಕ್ಕೊಂದು ಉಪಾಯ ಮಾಡಿಟ್ಟಿದ್ದರು: ಒಳ್ಳೆಯ ಹೊತ್ತಿನಲ್ಲೇ ಪ್ರಯಾಣದ ಒಂದು ವಸ್ತುವನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಹೊರಟಂತೆಯೇ ಲೆಕ್ಕ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ನಮ್ಮ ಕೋಚ್ ಸಾಹೇಬರು ನನ್ನ ಕಣ್ಣು ತಪ್ಪಿಸಿ, ಉಷಾಳ ಸ್ಟಿಕ್ಕನ್ನೇ ಒಯ್ದು ಪಕ್ಕದ ಮನೆಯ ಪದ್ಮಕ್ಕನ ಬಾಗಿಲ ಸಂದಿಯಲ್ಲಿ, ಒಳಗಡೆ, ಇಟ್ಟು ಬಂದಿದ್ದರು.

ಹೊರಟು ನೋಡಿದರೆ ಪದ್ಮಕ್ಕನ ಬಾಗಿಲಿಗೆ ಬೀಗ. ಶುಕ್ರವಾರ ರಾಹುಕಾಲಕ್ಕೆ ಅವರು ತಪ್ಪದೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವವರು. ವಠಾರಕ್ಕೆಲ್ಲ ಗೊತ್ತು. ಹೆಂಗಸರ ಪೂಜೆ ಪುನಸ್ಕಾರ ಇವರ ಕಣ್ಣಿಗೆ ಬಿದ್ದಿದ್ದರೆ ತಾನೆ?

ಬೀಗದ ಕೈ ತರುತ್ತೇನೆಂದು ಇವರು ಸ್ಕೂಟರ್ ಹತ್ತಿ ಬನಶಂಕರಿಗೆ ಹಾರಿದರು. ನಾನು ಉಷಾಳ ಕೈ ಹಿಡಿದು ಬಸ್ಸು ಹತ್ತಿದೆ. ಮೈದಾನದಲ್ಲಿ ಯಾವುದೋ ಹುಡುಗಿ ತನ್ನ ಸ್ಟಿಕ್ಕು ಕೊಟ್ಟಳು, ಪುಣ್ಯಾತಗಿತ್ತಿ. ಅಂಚಿನಲ್ಲಿ ಕೂಗುವವರಿಲ್ಲ. ಒಮ್ಮೆ ಚೆಂಡು ತಪ್ಪಿತು. ಉಷಾ ನಕ್ಕು ಮತ್ತೆ ಓಡಿದಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ. ಹನ್ನೊಂದು ಜನರ ಹೆಸರು ಓದಿದಾಗ ಅವಳದೂ ಇತ್ತು. ಬರುವಾಗ ಬಸ್ಸಿನಲ್ಲಿ, "ಬಿಡಲ್ಲಮ್ಮ, ಆಡ್ತೀನಿ. ಅಪ್ಪ ಬರೋದು ಬೇಡ ಅಷ್ಟೆ" ಎಂದಳು.

ಮನೆಯಲ್ಲಿ ಇವರು ಹಣೆಗೆ ಕುಂಕುಮವಿಟ್ಟುಕೊಂಡು ಕೂತಿದ್ದರು. ದೀಪ ಹಚ್ಚುವ ಅಷ್ಟು ಹೆಂಗಸರ ನಡುವೆ ಪದ್ಮಕ್ಕ ಸಿಕ್ಕಿರಲಿಲ್ಲ. ಯಾರೋ ಗದರಿಸಿ ಗಂಡಸರ ಸಾಲಿಗೆ ತಳ್ಳಿದರಂತೆ. ದರ್ಶನವಾಗಿ, ಪ್ರಸಾದ ಕೈಗೆ ಬಂದು, ಇವರು ಹೊರಗೆ ಬರುವಷ್ಟರಲ್ಲಿ ಆಯ್ಕೆಯೇ ಮುಗಿದಿತ್ತು. ನಾನು ತಟ್ಟೆಯಿಟ್ಟು ಹೇಳಿದೆ: "ನೀವು ಗುಡೀಲಿದ್ರಿ, ಅವಳು ಸೆಲೆಕ್ಟ್ ಆದ್ಲು. ಇನ್ಮೇಲೆ ಆಟ ಇದ್ದಾಗೆಲ್ಲ ನೀವು ಅಲ್ಲಿಗೇ ಹೋಗಿಬಿಡಿ."

ಹೋದರು, ಸ್ವಾಮಿ. ಉಷಾ ಆಡುವಷ್ಟು ಕಾಲವೂ ತಪ್ಪದೆ ಹೋದರು. ಮೂಢನಂಬಿಕೆ ಇಲ್ಲದ ಗಂಡ ಸಿಕ್ಕಿದ್ದಿದ್ದರೆ ನನ್ನ ಮಗಳ ಗತಿ ಏನಾಗುತ್ತಿತ್ತೋ ಎಂದು ಈಗಲೂ ಬನಶಂಕರಿ ತಾಯಿಗೆ ಕೈ ಮುಗಿಯುತ್ತೇನೆ.

ಫೋನಿನಲ್ಲಿ ಉಷಾಳಿಗೆ, ಅಳಿಯಂದಿರಿಗೂ ಹತ್ತಿರದಲ್ಲೊಂದು ಗುಡಿ ನೋಡು ಎಂದೆ. ಅತ್ತಲಿಂದ ಹಳೆಯ ನಗು ಕೇಳಿಸಿತು. ಇತ್ತ, ಪೇಪರ್ ಓದುತ್ತಿದ್ದ ನಮ್ಮೆಜಮಾನರು ತಲೆಯೆತ್ತಿ, "ಮಗು ಮ್ಯಾಚ್ ಯಾವತ್ತಂತೆ?" ಎನ್ನುತ್ತಾ ಗೋಡೆಯ ಕ್ಯಾಲೆಂಡರಿನ ರಾಹುಕಾಲದತ್ತ ಕೈ ಚಾಚಿದರು. ಆ ಕೈಗೆ ಚಾಕು ಕೊಟ್ಟು, ಉಳಿದ ನಿಂಬೆಹಣ್ಣು ಮುಂದೆ ಸುರಿದು, ನಾನು ಮೆಂತ್ಯ ಹುರಿಯಲು ಒಳಗೆ ಹೋದೆ.