ತಾಮ್ರದ ಅಂಚು

ಸತ್ತು ಎಷ್ಟೋ ಶತಮಾನಗಳಾದ ರೋಮನ್ ಚಕ್ರವರ್ತಿಗಳಿಗೂ ನಸ್ರೀನ್ ಆಪಾ ಕಾಯಿಲೆ ಪತ್ತೆಹಚ್ಚುತ್ತಿದ್ದರು. ತಾವು ಕೂಡಿಟ್ಟ ಹಳೆಯ ನಾಣ್ಯಗಳಲ್ಲಿ ಹೆಬ್ಬೆರಳ ಉಗುರಿನಷ್ಟು ಬೆಳ್ಳಿಯದೊಂದನ್ನು ಭೂತಗನ್ನಡಿಯಡಿ ಹಿಡಿದು, “ಇವನ ಗಂಟಲ ನೋಡವಾ, ಥೈರಾಯ್ಡ್ ಇತ್ತು ಕಾಣಸ್ತದ,” ಎನ್ನುತ್ತಿದ್ದರು.

ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ಅವರು ಪೆಥಾಲಜಿಸ್ಟ್. ನಾನು ಅದೇ ಲ್ಯಾಬಿನಲ್ಲಿ ಸ್ಲೈಡು ತಯಾರಿಸುವವಳು. ಮೈಸೂರಿನಿಂದ ಬಂದ ಹೊಸದರಲ್ಲಿ ನನ್ನ ಕನ್ನಡ ಕೇಳಿದವರೇ ಭಾನುವಾರದ ಊಟಕ್ಕೆ ಕರೆದರು. ಅವರು ವಿಜಯಪುರದವರು. ಗಂಡ ಇಕ್ಬಾಲ್ ಭಾಯ್ ಜೊತೆ ದಖನಿ, ಮಗಳ ಜೊತೆ ಇಂಗ್ಲಿಷ್. ಕನ್ನಡಕ್ಕೆ ನಾನೊಬ್ಬಳೇ.

“ಮೊದಲ ಅಂಚು ನೋಡು, ಆಮ್ಯಾಲ ಮಾರಿ ನೋಡು. ಮಾರಿ ಯಾರರ ಚಂದ ಮಾಡ್ತಾರ.” ನಾಣ್ಯಕ್ಕೂ ಸ್ಲೈಡಿಗೂ ಅವರದು ಇದೊಂದೇ ಪಾಠ.

ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಇಕ್ಬಾಲ್ ಭಾಯ್ ಒಂದು ರೋಮನ್ ಬೆಳ್ಳಿ ನಾಣ್ಯ ತಂದುಕೊಟ್ಟಿದ್ದರು. ಒಂದು ಬದಿಗೆ ಎಳೆಯ ರಾಣಿಯ ಮುಖ. ಇನ್ನೊಂದು ಬದಿಗೆ ರಾಜ ರಾಣಿ ಕೈ ಹಿಡಿದು ನಿಂತ ಚಿತ್ರ. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ “ಇದು ನಾವಿಬ್ಬರೇ!” ಎನ್ನುತ್ತಿದ್ದರು. ಆಪಾ ನಕ್ಕು ಚಹಾ ತರಲು ಏಳುತ್ತಿದ್ದರು.

ಇಕ್ಬಾಲ್ ಭಾಯ್ ತೀರಿಕೊಂಡು ನಲವತ್ತು ದಿನವಾದ ಮೇಲೆ ನಾನು ಹೋದಾಗ, ಆಪಾ ಆ ಚೌಕಟ್ಟು ಬಿಚ್ಚಿ ಧೂಳು ಒರೆಸುತ್ತಿದ್ದರು. ನಾಣ್ಯವನ್ನು ನನ್ನ ಕೈಗಿಟ್ಟರು. ಅಭ್ಯಾಸಬಲದಿಂದ ಅಂಚು ನೋಡಿದೆ. ಬೆಳ್ಳಿ ಸವೆದ ಕಡೆ ಕೆಂಪು ತಾಮ್ರ.

“ಆಪಾ, ಇದು ನಕಲಿ ಅಲ್ವಾ?”

“ಹೂಂ. ಆ ಕಾಲದ ಕಳ್ಳ ಯಾವನೋ ತಾಮ್ರಕ್ಕ ಬೆಳ್ಳಿ ಹೊದಿಸ್ಯಾನ. ತಂದ ದಿನಾನ ಗೊತ್ತಾತು. ಈ ರಾಣೀನ್ನ ಆಕಿ ಗಂಡನೇ ದೇಶ ಬಿಟ್ಟು ಓಡಿಸಿದ, ಆಮ್ಯಾಲ ಕೊಲ್ಲಿಸಿದ. ಅದನ್ನೂ ಇವರಿಗೆ ಹೇಳಲಿಲ್ಲ.”

“ಯಾಕೆ?”

“ಅಷ್ಟು ಖುಷಿಲೆ ತಂದಿದ್ರು.” ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಹೇಳಬೇಕಿತ್ತವಾ. ಸಿಟ್ಟಾಗೋ ಮನಷ್ಯಾ ಅಲ್ಲ, ನಗ್ತಿದ್ರು. ಇಬ್ರೂ ಕೂಡಿ ನಗಬಹುದಿತ್ತು. ಅದು ಆಗಲೇ ಇಲ್ಲ.”

ನಾಣ್ಯ ವಾಪಸು ಕೊಟ್ಟು ಮನೆಗೆ ಬಂದೆ. ಆಮೇಲಿನ ಭಾನುವಾರಗಳಲ್ಲಿ ಕೆಲವಕ್ಕೆ ಲ್ಯಾಬಿನ ಡ್ಯೂಟಿ ರೋಟಾ ಅಡ್ಡ ಬಂತು, ಕೆಲವಕ್ಕೆ ನಾನೇ ನೆಪ ಹೇಳಿದೆ.

ಕಳೆದ ಜನವರಿಯಲ್ಲಿ, ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಅವರ ಮಗಳ ಫೋನು ಬಂತು. ಆಪಾ ನಿದ್ದೆಯಲ್ಲೇ ಹೋದರಂತೆ. ಮಧ್ಯಾಹ್ನವೇ ದಫನ್. ನಾನು ಸ್ಮಶಾನದ ಪೋಸ್ಟ್‌ಕೋಡ್ ಕೇಳಿದೆ, ಅಂಗೈ ಮೇಲೆ ಬರೆದುಕೊಂಡೆ, ಉಳಿದರ್ಧ ಗಾಜನ್ನೂ ಕೆರೆದು ಮುಗಿಸಿದೆ. ಮಣ್ಣು ಹಾಕುವಾಗ ಹಿಂದೆ, ಹೆಂಗಸರ ಜೊತೆ ನಿಂತಿದ್ದೆ. ಮಗಳು ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.